ಏಸ್ ಡಬಲ್

ಒಂದೇ ರಟ್ಟಿನೊಳಗೆ ಎರಡು ಕಾದಂಬರಿಗಳನ್ನು, ಒಂದಕ್ಕೊಂದು ತಲೆಕೆಳಗಾಗಿ ಸೇರಿಸಿ ಅಮೆರಿಕದ ಏಸ್ ಬುಕ್ಸ್ ಪ್ರಕಟಿಸಿದ ಅಗ್ಗದ ಪುಸ್ತಕಮಾಲೆ. ಇದಕ್ಕೆ ಹಿಂಬದಿಯೇ ಇಲ್ಲ, ಎರಡು ಕಡೆಯೂ ಮುಖಪುಟ. ಒಂದು ಕಥೆ ಮುಗಿದ ಮೇಲೆ ಪುಸ್ತಕವನ್ನು ತಿರುಗಿಸಿ ಹಿಡಿದರೆ ಇನ್ನೊಂದು ಶುರುವಾಗುತ್ತದೆ. ಬೆಲೆ ಮೊದಲಿಗೆ 35 ಸೆಂಟ್.

ಎ. ಎ. ವಿನ್ 1952ರಲ್ಲಿ ಆರಂಭಿಸಿದ ಈ ಸಂಸ್ಥೆ ಮೊದಲು ಪತ್ತೇದಾರಿ ಮತ್ತು ಕೌಬಾಯ್ ಕಥೆಗಳನ್ನೇ ನೆಚ್ಚಿಕೊಂಡಿತ್ತು. ಅದನ್ನು ವಿಜ್ಞಾನಕಥೆಯತ್ತ ಹೊರಳಿಸಿದವರು ಸಂಪಾದಕ ಡೊನಾಲ್ಡ್ ವೊಲ್‌ಹೈಮ್. 1943ರಲ್ಲೇ ಪಾಕೆಟ್ ಬುಕ್ಸ್‌ಗಾಗಿ ವಿಜ್ಞಾನಕಥೆಗಳ ಸಂಕಲನ ಮಾಡಿಕೊಟ್ಟಿದ್ದ ಅವರಿಗೆ ಈ ಓದುಗರ ನಾಡಿಮಿಡಿತ ಗೊತ್ತಿತ್ತು. 1953ರಲ್ಲಿ ವ್ಯಾನ್ ವೋಗ್ಟ್ ಅವರ ಎರಡು ಕಾದಂಬರಿಗಳೊಂದಿಗೆ ಮಾಲೆಯ ವಿಜ್ಞಾನಕಥಾ ಪರ್ವ ತೆರೆಯಿತು. ಅದುವರೆಗೆ ‘ಪಲ್ಪ್’ ಎಂಬ ಅಗ್ಗದ ಕಥಾಪತ್ರಿಕೆಗಳಲ್ಲಿ ಬಂದು ಮರೆಯಾಗುತ್ತಿದ್ದ ಕಥೆಗಳಿಗೆ ಪುಸ್ತಕದ ಆಯುಸ್ಸು ದಕ್ಕಿತು.

ಪುಟಗಳ ಮಿತಿ ಮಾತ್ರ ನಿರ್ದಯವಾಗಿತ್ತು. ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' 1955ರಲ್ಲಿ ಕತ್ತರಿ ಹಾಕಿಸಿಕೊಂಡು, ಹೆಸರನ್ನೂ ಬದಲಿಸಿಕೊಂಡು ಇಲ್ಲಿ ಬಂತು. ಇಪ್ಪತ್ತರ ಹರೆಯದ ಸ್ಯಾಮ್ಯುಯೆಲ್ ಡಿಲೇನಿ ಅವರ ಚೊಚ್ಚಲ ಕಾದಂಬರಿಯೂ (1962) ಮೊಟಕಾಯಿತು. ಇದು ಅನ್ಯಾಯವೇ. ಆದರೆ ಹೆಸರಿಲ್ಲದ ಲೇಖಕರಿಗೆ ಹೀಗೆ ಬಾಗಿಲು ತೆರೆದ ಪ್ರಕಾಶಕರು ಆಗ ವಿರಳ. ಹೆಸರಾದವರ ಬೆನ್ನಿಗೆ ಹೊಸಬರನ್ನು ಜೋಡಿಸಲು ಈ ವಿನ್ಯಾಸವೇ ಅನುಕೂಲ ಮಾಡಿಕೊಟ್ಟಿತು. ಫಿಲಿಪ್ ಕೆ. ಡಿಕ್ ಅವರ ಮೊದಲ ಪ್ರಕಟಿತ ಕಾದಂಬರಿ 'ಸೋಲಾರ್ ಲಾಟರಿ' (1955), ಅರ್ಸುಲಾ ಲೆ ಗ್ವಿನ್ ಅವರ ಮೊದಲ ಕಾದಂಬರಿ 'ರೋಕಾನನ್ಸ್ ವರ್ಲ್ಡ್' (1966) ಎರಡೂ ಏಸ್ ಡಬಲ್‌ಗಳು.

ಎಡ್ ಎಮ್ಶ್‌ವಿಲ್ಲರ್, ಎಡ್ ವ್ಯಾಲಿಗರ್ಸ್ಕಿ ಮೊದಲಾದವರು ಬರೆದ ಮುಖಪುಟಗಳಲ್ಲಿ ರಾಕೆಟ್ಟು, ರಾಕ್ಷಸರ ಅಬ್ಬರ. ಅವನ್ನು ನೋಡಿ ಒಳಗಿರುವುದು ಬರೀ ಸಾಹಸ ಎಂದುಕೊಂಡವರು ಬಹಳಷ್ಟನ್ನು ಕಳೆದುಕೊಂಡರು. ಆಳುವವನನ್ನು ಅದೃಷ್ಟದಾಟ ಆರಿಸಿದರೆ ನ್ಯಾಯ ಎಲ್ಲಿರುತ್ತದೆ ಎಂದು 'ಸೋಲಾರ್ ಲಾಟರಿ' ಕೇಳುತ್ತದೆ. ಡಿಕ್ ಅವರದೇ 'ವಲ್ಕನ್ಸ್ ಹ್ಯಾಮರ್' (1960) ಲೋಕದ ಆಡಳಿತವನ್ನು ಕಂಪ್ಯೂಟರಿಗೆ ಒಪ್ಪಿಸಿದ ಮನುಷ್ಯರ ಕಥೆ. ಡಿಲೇನಿ ಅಣುಯುದ್ಧದ ನಂತರದ ಭೂಮಿಯನ್ನು ಕಲ್ಪಿಸಿದರು. ಥಾಮಸ್ ಡಿಶ್ ಅವರ 1966ರ ಕಾದಂಬರಿಯಲ್ಲಿ ಮನುಷ್ಯರು ಅನ್ಯಲೋಕದವರ ಸಾಕುಪ್ರಾಣಿಗಳು. ಹಿರೋಶಿಮಾವನ್ನು ಕಂಡ, ಶೀತಲಸಮರದಲ್ಲಿ ಬದುಕಿದ ತಲೆಮಾರಿನ ಆತಂಕಗಳಿವು. ಯಂತ್ರ ನಮಗಾಗಿ ತೀರ್ಮಾನಿಸಬಹುದೇ ಎಂಬುದಂತೂ ಇಂದು ಶಾಸನಸಭೆಗಳಲ್ಲೇ ಚರ್ಚೆಯಾಗುತ್ತಿದೆ.

ವೊಲ್‌ಹೈಮ್ 1971ರಲ್ಲಿ ಏಸ್ ತೊರೆದು, ಪತ್ನಿ ಎಲ್ಸಿ ಅವರೊಂದಿಗೆ ತಮ್ಮದೇ ಡಿಎಡಬ್ಲ್ಯು ಬುಕ್ಸ್ ಆರಂಭಿಸಿದರು. ಏಸ್ ಡಬಲ್ 1973ರಲ್ಲಿ ನಿಂತಿತು. 1988ರಲ್ಲಿ ಟಾರ್ ಬುಕ್ಸ್ ಜೋಡಿ ಪುಸ್ತಕಗಳ ಹೊಸ ಮಾಲೆಯೊಂದನ್ನು ಹೊರತಂದಿತು.