ಮೈ ಒಡೆದ ಬೆಟ್ಟಗಳು

ತ್ಸುನ್. ಒಂದೇ ಉಸಿರಿಗೆ ಮುಗಿದುಹೋಗುವ ಚೀನೀ ಪದ. ಬರೆಯುವ ಅಕ್ಷರದ ಬಲಗಡೆ ಚರ್ಮವನ್ನು ಸೂಚಿಸುವ ಚಿಹ್ನೆ ಇದೆ. ಚಳಿಗೆ, ಒಣಗಾಳಿಗೆ ಕೈಕಾಲಿನ ಚರ್ಮ ಬಿರಿಯುತ್ತದಲ್ಲ, ಅದೇ ತ್ಸುನ್. ಮಾಗಿ ಬಂತೆಂದರೆ ನಾವು ತುಟಿ ಒಡೆಯಿತು, ಹಿಮ್ಮಡಿ ಬಿರಿಯಿತು ಎಂದು ಕೊಬ್ಬರಿ ಎಣ್ಣೆ ಹುಡುಕುತ್ತೇವೆ. ಉತ್ತರ ಚೀನಾದ ಚಳಿ ಇದಕ್ಕಿಂತ ಬಹಳ ನಿರ್ದಯಿ. ಅಲ್ಲಿಯ ಆಡುಮಾತಿನಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವೂ ಉಂಟು: ನೀರು ಕಾಣದ ಮೈಮೇಲೆ ಪದರುಗಟ್ಟಿದ ಕೊಳೆ. ಆಡಿ ಬಂದ ಹುಡುಗನ ಕತ್ತಿನ ತುಂಬ ತ್ಸುನ್ ಎಂದರೆ ಸ್ನಾನಕ್ಕೆ ಎಳೆದೊಯ್ಯಬೇಕು ಎಂದರ್ಥ.

ಇದೇ ಪದ ಸಾವಿರ ವರ್ಷದಿಂದ ಚೀನೀ ಬೆಟ್ಟಗುಡ್ಡಗಳ ಚಿತ್ರಕಲೆಯಲ್ಲಿ ಅತ್ಯಂತ ಗೌರವದ ಪರಿಭಾಷೆ. ಬಂಡೆಯ ಹೊರಗೆರೆ ಎಳೆದಾದ ಮೇಲೆ ಅದರ ಒಳಮೈಗೆ ಕುಂಚದಿಂದ ಹಾಕುವ ಗೀರು, ಚುಕ್ಕೆ, ಎಳೆಗಳಿಗೆಲ್ಲ ತ್ಸುನ್ ಎಂದೇ ಹೆಸರು. ಚಿತ್ರಶಾಲೆಯ ಮೇಷ್ಟರು ಒಂದೇ ಉಸಿರಿನಲ್ಲಿ ಐದು ಕ್ರಿಯೆಗಳನ್ನು ಹೇಳುತ್ತಾರೆ: ಗೌ, ತ್ಸುನ್, ತ್ಸಾ, ರಾನ್, ದಿಯೆನ್. ಗೆರೆ ಎಳೆ, ಮೈ ಒಡೆಸು, ಒಣಕುಂಚದಲ್ಲಿ ಉಜ್ಜು, ಮಸಿನೀರು ಹರಿಸು, ಚುಕ್ಕೆ ಇಡು. ಇಂಗ್ಲಿಷಿನ ಕಲಾಪುಸ್ತಕಗಳು ಎರಡನೆಯದನ್ನು 'ಟೆಕ್ಸ್ಚರ್ ಸ್ಟ್ರೋಕ್' ಎಂದು ಕರೆದು ಮುಂದೆ ಹೋಗುತ್ತವೆ. ತಪ್ಪೇನಿಲ್ಲ. ಆದರೆ ಅಲ್ಲಿ ಚರ್ಮ ಮಾಯವಾಗಿರುತ್ತದೆ.

ಆ ಚರ್ಮ ಇರಲೇಬೇಕು ಎನ್ನುವುದು ನನ್ನ ಹಟ. ಏಕೆಂದರೆ ಹನ್ನೊಂದನೇ ಶತಮಾನದ ಗುವೊ ಶಿ ಎಂಬ ಆಸ್ಥಾನ ಚಿತ್ರಕಾರನಿಗೆ ಬೆಟ್ಟವೆಂದರೆ ಸಾಕ್ಷಾತ್ ಒಂದು ದೇಹ. ಅವನ ಮಾತುಗಳನ್ನು ಮಗ ಗುವೊ ಸಿ ಕೂಡಿಸಿದ 'ಲಿನ್‌ಚ್ವಾನ್ ಗಾವೊಜಿ' ಎಂಬ ಗ್ರಂಥದಲ್ಲಿ ಹೊಳೆ ಬೆಟ್ಟದ ರಕ್ತನಾಳ, ಗಿಡಮರ ಅದರ ಕೂದಲು, ಮಂಜು ಅದರ ಮುಖದ ಕಳೆ. ಕಲ್ಲು ಭೂಮಿಯ ಎಲುಬು. ಇಷ್ಟೆಲ್ಲ ಇದ್ದ ಮೇಲೆ ಚರ್ಮ ಇಲ್ಲದೆ ಹೇಗೆ? ಅದೇ ಪುಸ್ತಕ ಕುಂಚದ ಕೆಲಸಗಳನ್ನು ಒಂದೊಂದಾಗಿ ಬಿಡಿಸಿ ಹೇಳುವಾಗ ತ್ಸುನ್ ಕೂಡ ಬರುತ್ತದೆ: ಮೊನೆಯಾದ ಕುಂಚವನ್ನು ಅಡ್ಡ ಮಲಗಿಸಿ ಮತ್ತೆ ಮತ್ತೆ ಎಳೆಯುವ ಕೆಲಸ ಎಂದು. ಅಲ್ಲಿ ಇನ್ನೂ ಅದು ಬರಿಯ ಕೈಕೆಲಸದ ಮಾತು. ಬಿರುದು ಬಾವಲಿ ಏನೂ ಅಂಟಿಕೊಂಡಿಲ್ಲ.

ಅದಕ್ಕೂ ಹಿಂದಿನ ಬೆಟ್ಟಗಳಿಗೆ ಮೈ ಒಡೆದಿರಲಿಲ್ಲ. ಜಾನ್ ಝಿಚಿಯೆನ್‌ನದೆಂದು ಹೇಳುವ ವಸಂತ ವಿಹಾರದ ಹಳೆಯ ಚಿತ್ರದಲ್ಲಿ ಗುಡ್ಡಗಳಿಗೆ ತೆಳುವಾದ ಹೊರಗೆರೆ, ಒಳಗೆ ಹಸಿರು ನೀಲಿ ಬಣ್ಣ, ಅಷ್ಟೇ. ಎಣ್ಣೆ ಹಚ್ಚಿ ಬಾಚಿದ ಮಗುವಿನ ಹಾಗೆ ನುಣುಪು. ಹತ್ತನೇ ಶತಮಾನದ ಹೊತ್ತಿಗೆ ಬಣ್ಣ ಹಿಂದೆ ಸರಿದು ಕಪ್ಪು ಮಸಿ ಮುಂದೆ ಬಂತು. ಬಣ್ಣ ಮಾಡುತ್ತಿದ್ದ ಕೆಲಸವನ್ನೆಲ್ಲ, ಎಂದರೆ ಇದು ಮಣ್ಣೋ ಕಲ್ಲೋ, ಹಸಿಯೋ ಒಣಗಿದ್ದೋ, ಹತ್ತಿರವೋ ದೂರವೋ ಎಂದು ಹೇಳುವ ಕೆಲಸವನ್ನು, ಬರಿಯ ಮಸಿಗೆರೆ ಮಾಡಬೇಕಾಯಿತು. ತ್ಸುನ್ ಬೆಳೆದದ್ದು ಆ ಒತ್ತಡದಲ್ಲಿ.

ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿ ಸೊಂಗ್ ರಾಜವಂಶದ ಕಾಲದ ಮೂರು ದೊಡ್ಡ ಚಿತ್ರಗಳಿವೆ. ತ್ಸುನ್ ಎಂದರೇನು ಎಂದು ಕೇಳಿದವರಿಗೆ ಆ ಮೂರನ್ನು ತೋರಿಸಿದರೆ ಮುಗಿಯಿತು. ಮೊದಲನೆಯದು ಫಾನ್ ಕ್ವಾನ್‌ನ 'ತೊರೆ ಬೆಟ್ಟಗಳ ನಡುವೆ ಪಯಣಿಗರು': ಎರಡು ಮೀಟರ್‌ಗೂ ಹೆಚ್ಚು ಎತ್ತರದ ರೇಷ್ಮೆ, ಅದರ ಬಹುಭಾಗವನ್ನು ಒಂದೇ ಹೆಬ್ಬಂಡೆ ನುಂಗಿದೆ. ಆ ಬಂಡೆಯ ಮೈತುಂಬ ಸಾವಿರಾರು ಪುಟ್ಟ ಕುಟುಕುಗಳು. ಉಳಿಯಿಂದ ಕುಟ್ಟಿದಂತೆ. ಇದಕ್ಕೆ ಮಳೆಹನಿ ತ್ಸುನ್ ಎಂದು ಹೆಸರು. ಕೆಳಗೆ ಬಲಮೂಲೆಯಲ್ಲಿ ಹೇಸರಗತ್ತೆಗಳ ಸಾಲೊಂದು ಹೋಗುತ್ತಿದೆ. ಅದರ ಹಿಂದಿನ ಎಲೆಗಳ ನಡುವೆ ಫಾನ್ ಕ್ವಾನ್ ತನ್ನ ಹೆಸರನ್ನು ಬಚ್ಚಿಟ್ಟಿದ್ದ. ಅದು ಸಂಗ್ರಹಾಲಯದವರ ಕಣ್ಣಿಗೆ ಬಿದ್ದದ್ದು 1958ರಲ್ಲಿ. ಎರಡನೆಯದು ಗುವೊ ಶಿಯ 1072ರ 'ವಸಂತದ ಆರಂಭ': ಬಂಡೆಗಳು ಮೋಡದ ಹಾಗೆ ಸುರುಳಿ ಸುತ್ತಿಕೊಂಡು ಈಗಲೋ ಆಗಲೋ ಕದಲುವಂತಿವೆ, ಹೆಸರೂ ಮೋಡದ ತ್ಸುನ್. ಮೂರನೆಯದು ಲಿ ತಾಂಗ್‌ನ 1124ರ 'ಸಾವಿರ ಕಣಿವೆಗಳ ಪೈನ್ ಗಾಳಿ'. ಅಲ್ಲಿ ಕುಂಚವನ್ನು ವಾಲಿಸಿ ಕಚಕ್ಕನೆ ಎಳೆದಿದ್ದಾನೆ. ಕಲ್ಲಿನ ಚಕ್ಕೆ ಹಾರಿದ ಹಾಗಿದೆ. ಇದು ಕೊಡಲಿಪೆಟ್ಟಿನ ತ್ಸುನ್. ಮೂರು ಚಿತ್ರಗಳ ನಡುವೆ ನೂರು ವರ್ಷ ಚಿಲ್ಲರೆ ಅಂತರ. ಮೂವರ ಕೈಯಲ್ಲೂ ಅದೇ ರೇಷ್ಮೆ, ಅದೇ ಮಸಿ. ಬೆಟ್ಟ ಮಾತ್ರ ಮೂರು ಬಗೆಯ ಪ್ರಾಣಿ.

ದಕ್ಷಿಣದ ಯಾಂಗ್‌ತ್ಸೆ ಸೀಮೆಯದು ಬೇರೆ ಕತೆ. ಅಲ್ಲಿ ಮೆದುಮಣ್ಣಿನ ಗುಂಡು ಗುಡ್ಡಗಳು, ಮಂಜು, ಜೌಗು. ಹತ್ತನೇ ಶತಮಾನದ ದೊಂಗ್ ಯುವಾನ್, ಅವನ ಜಾಡಿನ ಸನ್ಯಾಸಿ ಜ್ಯುರಾನ್ ಇಬ್ಬರೂ ಕೊಡಲಿ ಎತ್ತಲಿಲ್ಲ. ಕುಂಚವನ್ನು ನೆಟ್ಟಗೆ ಹಿಡಿದು, ಮೊನೆ ಗೆರೆಯ ನಡುವೆಯೇ ಸಾಗುವಂತೆ, ಸಡಿಲವಾದ ಉದ್ದನೆಯ ಎಳೆಗಳನ್ನು ಇಳಿಬಿಟ್ಟರು. ಹರಡಿದ ಸೆಣಬಿನ ನಾರಿನಂತೆ ಕಾಣುವುದರಿಂದ ಇದು ನಾರಿನ ತ್ಸುನ್ ಆಯಿತು. ಹೆಸರು ಹಳೆಯದೇ: ಹಾನ್ ಜುವೊ ಎಂಬವನ 1121ರ ಪುಸ್ತಕದಲ್ಲೇ ಬರುತ್ತದೆ. ನೆಟ್ಟಗೆ ಹಿಡಿದ ಕುಂಚದ ಈ ಎಳೆ ಸುಲೇಖನದಿಂದ ಬಂದ ಕೈರೂಢಿ. ಹಳೆಯ ಮುದ್ರಾಲಿಪಿ ಬರೆಯುವವರು ಹೀಗೆಯೇ ಬರೆಯುತ್ತಿದ್ದರು. ಮುಂದೆ ಚಿತ್ರಕಾರ, ಸುಲೇಖಕ ಜಾವೊ ಮೆಂಗ್‌ಫು ತನ್ನ ಒಂದು ಚಿತ್ರಸುರುಳಿಯ ಮೇಲೆಯೇ ಸಾರಿಬಿಟ್ಟ: ಕಲ್ಲನ್ನು, ಮರವನ್ನು, ಬಿದಿರನ್ನು ಬರೆಯಲು ಬೇರೆ ಬೇರೆ ಲಿಪಿಶೈಲಿಗಳ ಕೈ ಬೇಕು, ಬರಹ ಮತ್ತು ಚಿತ್ರದ ಬೇರು ಒಂದೇ ಎಂದು. ಅಲ್ಲಿಂದ ಮುಂದೆ ತ್ಸುನ್ ಬೆಟ್ಟದ ಚರ್ಮವೂ ಹೌದು, ಬರೆದವನ ಕೈಬರಹವೂ ಹೌದು. ಆಮೇಲಿನ ಎಲ್ಲ ಜಗಳಗಳ ಮೂಲ ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ಬೆಟ್ಟದ ಮೈ ಎಂದರೆ ಎಲ್ಲರಿಗೂ ಸೇರಿದ್ದು. ಕೈಬರಹ ಹಾಗಲ್ಲ, ಅದಕ್ಕೆ ಮನೆತನ ಹುಟ್ಟಿಕೊಳ್ಳುತ್ತದೆ.

ಯುವಾನ್ ರಾಜವಂಶದ ಕಾಲಕ್ಕೆ ಮನೆತನಗಳು ನಿಂತಾಗಿತ್ತು. ಹುವಾಂಗ್ ಗೊಂಗ್‌ವಾಂಗ್ 1350ರ 'ಫುಚುನ್ ಬೆಟ್ಟವಾಸ'ದಲ್ಲಿ ನಾರಿನ ಎಳೆಗಳನ್ನು ಎಷ್ಟು ಆರಾಮವಾಗಿ ಬಿಟ್ಟಿದ್ದಾನೆಂದರೆ ನೋಡುವವನ ಉಸಿರೇ ನಿಧಾನವಾಗುತ್ತದೆ. 1650ರಲ್ಲಿ ಅದರ ಒಡೆಯ ಸಾಯುವಾಗ ಅದನ್ನು ತನ್ನೊಂದಿಗೆ ಒಯ್ಯುವ ಆಸೆಯಿಂದ ಬೆಂಕಿಗೆ ಹಾಕಿಸಿದ, ಬಂಧುವೊಬ್ಬ ಎಳೆದು ಉಳಿಸಿದ. ಎರಡು ತುಂಡಾಗಿ ಒಂದು ಹಾಂಗ್‌ಜೌದಲ್ಲಿ, ಒಂದು ತೈಪೆಯಲ್ಲಿ ಉಳಿದು, 2011ರಲ್ಲಿ ಮಾತ್ರ ಒಂದೇ ಪ್ರದರ್ಶನದಲ್ಲಿ ಕೂಡಿದವು. ನಿ ಝಾನ್‌ನ ಕೆರೆದಂಡೆಯ ಕಲ್ಲುಗಳಿಗೆ ಮಡಿಚಿದ ನಡುಪಟ್ಟಿಯ ತ್ಸುನ್. ಜಾವೊ ಮೆಂಗ್‌ಫುವಿನ ಮಗಳ ಮಗ ವಾಂಗ್ ಮೆಂಗ್‌ನದು ಎತ್ತಿನ ರೋಮದ ತ್ಸುನ್. ಶಾಂಘೈ ಸಂಗ್ರಹಾಲಯದಲ್ಲಿರುವ ಅವನ 1366ರ 'ಚಿಂಗ್‌ಬಿಯಾನ್ ಬೆಟ್ಟ'ದಲ್ಲಿ ಬೆಟ್ಟಕ್ಕೆ ಜ್ವರ ಬಂದು ರೋಮವೆಲ್ಲ ನಿಮಿರಿದಂತಿದೆ. ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಕಾಲ ಅದು.

ಹೆಸರುಗಳ ಮೋಜನ್ನು ಇಲ್ಲಿ ಹೇಳದಿದ್ದರೆ ಅನ್ಯಾಯ. ಬಿಚ್ಚಿದ ಹಗ್ಗ, ಕಮಲದೆಲೆಯ ನರ, ಎಳ್ಳು, ಕುದುರೆ ಹಲ್ಲು, ತಲೆಬುರುಡೆ, ದೆವ್ವದ ತೊಗಲು, ರಾಶಿ ಬಿದ್ದ ಸೌದೆ, ಸಿಕ್ಕುಗಟ್ಟಿದ ಸೆಣಬು: ಎಲ್ಲವೂ ತ್ಸುನ್‌ಗಳೇ. 'ಕೆಸರು ಎಳೆದು ನೀರು ಹೊತ್ತ' ತ್ಸುನ್ ಕೂಡ ಇದೆ. ಈ ಪದಗುಚ್ಛವನ್ನು ದಿನಬಳಕೆಯಲ್ಲಿ ಅಂದರೆ ನಿನ್ನ ಕೆಲಸ ಅಚ್ಚುಕಟ್ಟಿಲ್ಲ ಎಂಬ ಬೈಗುಳ. ಚೀನಾದ ಪಂಡಿತ ಚಿತ್ರಕಾರರು ಸಾಮಾನ್ಯರಲ್ಲ. ಕುಶಲಕರ್ಮಿ ಎಂದು ಕರೆದರೆ ಅವಮಾನ ಎಂದುಕೊಳ್ಳುವವರು, ಚಿತ್ರ ಮಾರುವುದನ್ನು ಕೀಳೆಂದು ಸಾರುವವರು, ಕವಿತೆ ಮತ್ತು ವೈರಾಗ್ಯದ ಜನ. ಅವರ ಪರಮ ವಿದ್ಯೆಯ ಶಬ್ದಕೋಶ ಮಾತ್ರ ಕೊಟ್ಟಿಗೆ, ಸೌದೆಮನೆ, ಸೆಣಬಿನ ಹೊಲದಿಂದ ಬಂದದ್ದು. ಕೈ ನೋಡಿ ಕೈಗೆ ಕಲಿಸುವ ವಿದ್ಯೆಗೆ ಇಂಥ ಹೆಸರುಗಳೇ ಬೇಕು. 'ಎತ್ತಿನ ರೋಮ' ಎಂದರೆ ಕುಂಚದ ಒತ್ತಡ, ಗೆರೆಯ ಉದ್ದ, ಬಾಗು ಮೂರೂ ಹುಡುಗನಿಗೆ ಒಟ್ಟಿಗೆ ಅರ್ಥವಾಗುತ್ತವೆ.

ಕೆಡುಕು ಬಂದದ್ದು ದೊಂಗ್ ಚೀಚಾಂಗ್ ಎಂಬ ಮಿಂಗ್ ಕಾಲದ ಅಧಿಕಾರಿಯಿಂದ. 1636ರಲ್ಲಿ ತೀರಿಕೊಂಡ, ಒಳ್ಳೆಯ ಚಿತ್ರಕಾರ, ಅದಕ್ಕಿಂತ ದೊಡ್ಡ ವರ್ಗೀಕರಣಕಾರ. ಚಾನ್ ಬೌದ್ಧರಲ್ಲಿ ಉತ್ತರ, ದಕ್ಷಿಣ ಎಂಬ ಎರಡು ಪಂಥಗಳಿದ್ದವಲ್ಲ, ಚಿತ್ರಕಲೆಯಲ್ಲೂ ಹಾಗೆಯೇ ಎಂದ. ಹುಟ್ಟಿದ ಊರಿಗೂ ಇದಕ್ಕೂ ಸಂಬಂಧ ಇಲ್ಲ. ಪಂಡಿತ, ಸ್ವತಂತ್ರ, ನಾರಿನ ತ್ಸುನ್‌ನವರು ದಕ್ಷಿಣ ಪಂಥ. ಆಸ್ಥಾನದ ಸಂಬಳಗಾರರು, ಕೊಡಲಿಪೆಟ್ಟಿನ ಮಾ ಯುವಾನ್, ಶಿಯಾ ಗುಯ್ ಮೊದಲಾದವರು ಉತ್ತರ ಪಂಥ; ಅವರ ದಾರಿ ನಮ್ಮಂಥವರಿಗೆ ತಕ್ಕುದಲ್ಲ. ಕಲ್ಲಿನ ಮೈ ಬರೆಯುವ ಒಂದು ವಿಧಾನ ಹೀಗೆ ಕುಲಗೋತ್ರವಾಯಿತು. ಜಪಾನಿನಲ್ಲಿ ಸೆಶ್ಶು ಕೊಡಲಿಪೆಟ್ಟಿನಂಥ ಗೆರೆಗಳಿಂದಲೇ ಮಹಾನ್ ಕಲಾವಿದನಾಗಿ ಹೋಗಿದ್ದ. ಚೀನಾದ ರಸಿಕರು ಆ ಗೆರೆ ಕಂಡರೆ ಮೂಗು ಮುರಿಯತೊಡಗಿದರು.

1679ರಲ್ಲಿ ನಾನ್‌ಜಿಂಗ್‌ನಲ್ಲಿ 'ಸಾಸಿವೆ ಕಾಳಿನ ತೋಟ' ಎಂಬ ಚಿತ್ರಪಾಠದ ಪುಸ್ತಕ ಅಚ್ಚಾಯಿತು. ತೋಟ ಬರಹಗಾರ ಲಿ ಯುವಿನದು, ಪುಸ್ತಕ ಕಟ್ಟಿದವನು ವಾಂಗ್ ಗಾಯ್. ಅದರಲ್ಲಿ ತ್ಸುನ್‌ಗಳ ಪಟ್ಟಿ, ಪ್ರತಿಯೊಂದಕ್ಕೂ ಮಾದರಿ ಬಂಡೆ. ಕಿಸೆಯಲ್ಲಿ ಕಾಸಿದ್ದವನು ಬೆಟ್ಟ ನೋಡದೆಯೇ ಬೆಟ್ಟ ಬರೆಯಬಹುದು. ಈ ಪುಸ್ತಕವನ್ನು ಹೀಗಳೆಯುವುದು ವಿಮರ್ಶಕರಲ್ಲಿ ವಾಡಿಕೆ, ನನಗೆ ಅದರಲ್ಲಿ ಪೂರ್ಣ ಸಮ್ಮತಿಯಿಲ್ಲ. ಹುನಾನ್‌ನ ಬಡ ಬಡಗಿಯೊಬ್ಬ ಇದರ ಒಂದು ಹಳೆಯ ಪ್ರತಿಯನ್ನು ಎರವಲು ತಂದು, ತೆಳು ಕಾಗದ ಇಟ್ಟು ಇಡೀ ಪುಸ್ತಕವನ್ನು ನಕಲು ಮಾಡಿದ. ಅವನೇ ಮುಂದೆ ಹೆಸರಾಂತ ಚಿತ್ರಕಾರ ಚಿ ಬಾಯ್‌ಶಿ. ದೊಂಗ್ ಚೀಚಾಂಗ್‌ನ ಪಂಥಗಳೊಳಗೆ ಬಡಗಿಗೆ ಬಾಗಿಲು ಇರಲಿಲ್ಲ, ಈ ಪಟ್ಟಿಯಲ್ಲಿ ಇತ್ತು. ತಮಾಷೆಯೆಂದರೆ ಚಿ ಬಾಯ್‌ಶಿ ಬರೆದ ಬೆಟ್ಟಗಳಲ್ಲಿ ತ್ಸುನ್ ತೀರಾ ಕಡಿಮೆ. ನಾಲ್ಕು ದಪ್ಪಗೆರೆ, ಮುಗಿಯಿತು.

ಪಟ್ಟಿಗೆ ಎದುರು ನಿಂತ ಹಳಬ ಶಿತಾವ್. ಮಿಂಗ್ ರಾಜವಂಶದ ಕುಡಿ. ವಂಶ ಉರುಳಿದಾಗ ಎಳೆಮಗು, ಸನ್ಯಾಸಿಯಾಗಿ ಬೆಳೆದ. ಚಿತ್ರಕಲೆಯ ಮೇಲಿನ ತನ್ನ ಗ್ರಂಥದಲ್ಲಿ ತ್ಸುನ್‌ಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಅದರ ಸಾರ ಇಷ್ಟು: ಈ ಹೆಸರುಗಳೆಲ್ಲ ಬಂದದ್ದು ಬೆಟ್ಟಗಳ ಬೇರೆ ಬೇರೆ ಆಕಾರದಿಂದ, ಬೆಟ್ಟವನ್ನೇ ಬಿಟ್ಟು ತ್ಸುನ್ ಹಿಡಿದುಕೊಂಡರೆ ಕೈಯಲ್ಲಿ ಏನೂ ಇರುವುದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಅವನ ಭಕ್ತನೊಬ್ಬ ಅವನ ಮೇಲಿನ ಪ್ರೀತಿಗೆ 'ಬಾವೊಶಿ', ಎಂದರೆ 'ಶಿಯನ್ನು ಅಪ್ಪಿದವನು', ಎಂದು ಹೆಸರಿಟ್ಟುಕೊಂಡ. ಶಿ ಎಂದರೆ ಕಲ್ಲು ಕೂಡ. ಈ ಫು ಬಾವೊಶಿ ಯುದ್ಧಕಾಲದಲ್ಲಿ ಚೊಂಗ್‌ಚಿಂಗ್‌ನ ಮಳೆ, ಮಂಜಿನ ಬೆಟ್ಟಗಳ ನಡುವೆ ಇದ್ದಾಗ ಕುಂಚದ ಕೂದಲನ್ನು ಕಾಗದಕ್ಕೆ ಒತ್ತಿ ಹರಡಿಸಿ ಉಜ್ಜಿದ. ಯಾವ ಪಟ್ಟಿಯಲ್ಲೂ ಇಲ್ಲದ ಗೀರುಗಳು ಬಿದ್ದವು. ಅವನ್ನು ಈಗ 'ಬಾವೊಶಿ ತ್ಸುನ್' ಎಂದು ಕರೆದು ಪಟ್ಟಿಗೆ ಸೇರಿಸಿದ್ದಾರೆ.

ಆ ಪಟ್ಟಿಯಲ್ಲಿ ದೊಡ್ಡ ಕೊರತೆಯೊಂದು ಉಳಿದೇ ಇತ್ತು. ವಾಯವ್ಯದ ಲೋಯೆಸ್ ಪ್ರಸ್ಥಭೂಮಿ, ಗಾಳಿ ಹೊತ್ತು ತಂದು ಸುರಿದ ಹಳದಿ ಮಣ್ಣಿನ ಆ ಸೀಮೆ, ಚೀನೀ ನಾಗರಿಕತೆಯ ತೊಟ್ಟಿಲು. ಆದರೂ ನೇರ ಸೀಳಿದ ಮಣ್ಣುಗೋಡೆಗಳ, ಮರವಿಲ್ಲದ, ಮಂಜಿಲ್ಲದ ಆ ನೆಲಕ್ಕೆ ಒಪ್ಪುವ ತ್ಸುನ್ ಸಂಪ್ರದಾಯದಲ್ಲಿ ಇರಲಿಲ್ಲ. ಪಂಡಿತರಿಗೆ ಅದು ಬರೆಯುವಂಥ ಬೆಟ್ಟ ಎನಿಸಿರಲಿಲ್ಲ. ಶಿಯಾನ್‌ನಲ್ಲಿ ನೆಲೆಸಿದ ಚಿತ್ರಕಾರ ಶಿ ಲು ಅದನ್ನು ಕೈಗೆತ್ತಿಕೊಂಡ. ಅವನ 1959ರ 'ಉತ್ತರ ಶಾನ್ಶಿಯ ಹೋರಾಟ'ದಲ್ಲಿ ಕೆಂಗಂದು ಮಣ್ಣಿನ ಕಮರಿಗಳು ಚಿತ್ರವನ್ನೆಲ್ಲ ತುಂಬಿವೆ, ತುದಿಯಲ್ಲಿ ಬೆನ್ನು ತೋರಿಸಿ ನಿಂತ ಮಾವೋ ಬೆರಳಷ್ಟು. ಮಾವೋನನ್ನು ಪ್ರಪಾತದ ಅಂಚಿಗೆ ತಂದು ನಿಲ್ಲಿಸಿದ್ದಾನೆ, ಮುಂದೆ ದಾರಿಯೇ ಇಲ್ಲ ಎಂಬ ರಾಜಕೀಯ ದೂರು 1964ರಲ್ಲಿ ಬಂತು. ಕುಂಚದ ಮೇಲಿನ ದೂರು ಅದಕ್ಕೂ ಮೊದಲೇ ಕಲಾಪತ್ರಿಕೆಯಲ್ಲಿ ಅಚ್ಚಾಗಿತ್ತು, ನಾಲ್ಕೇ ಪದಗಳಲ್ಲಿ: ಕಾಡು, ವಿಚಿತ್ರ, ಸಿಕ್ಕು, ಕಪ್ಪು. ಮೂರನೆಯ ಪದ 'ಲುವಾನ್'. ರಾಶಿ ಬಿದ್ದ ಸೌದೆಯ ತ್ಸುನ್, ಸಿಕ್ಕುಗಟ್ಟಿದ ಸೆಣಬಿನ ತ್ಸುನ್ ಎಂಬ ಹಳೆಯ ಹೆಸರುಗಳ ಮೊದಲ ಅಕ್ಷರವೂ ಇದೇ ಲುವಾನ್.