ಬರದ ಹಳಿ, ಯಾತ್ರೆಯ ದಾರಿ: ಬಾಗಲಕೋಟೆ ಪರಿಸರ ಮತ್ತು ಪಂಢರಪುರದ ರೈಲು ಸಂಪರ್ಕ

ಭೀಮಾ ನದಿಯ ದಂಡೆಯಲ್ಲಿರುವ ಪಂಢರಪುರ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿದೆ. ಅಲ್ಲಿಯ ವಿಠ್ಠಲಭಕ್ತಿಯ ಪರಂಪರೆ ಮಾತ್ರ ಭಾಷೆಯ ಗಡಿಯನ್ನು ಮೀರಿದುದು. ಮರಾಠಿಯ ವಾರಕರಿ ಸಂತರಂತೆಯೇ ಕನ್ನಡದ ಹರಿದಾಸರೂ ಈ ದೈವವನ್ನು ಹಾಡಿದರು. ಪುರಂದರವಿಠ್ಠಲ, ವಿಜಯವಿಠ್ಠಲ ಮೊದಲಾದ ಅಂಕಿತಗಳೇ ಇದಕ್ಕೆ ಸಾಕ್ಷಿ. ಪ್ರಸನ್ನ ವೆಂಕಟದಾಸರ ಬಾಗಲಕೋಟೆಯೂ ಈ ದಾಸಪರಂಪರೆಯ ನೆಲವೇ. ಆಷಾಢ ಹಾಗೂ ಕಾರ್ತಿಕ ಏಕಾದಶಿಗಳ ಯಾತ್ರೆ ರೈಲಿಗೂ ಮೊದಲು ಕಾಲ್ನಡಿಗೆಯಿಂದ, ಅನುಕೂಲವಿದ್ದವರಿಗೆ ಚಕ್ಕಡಿಯಿಂದ ನಡೆಯುತ್ತಿತ್ತು. ಆಷಾಢವು ಮಳೆಗಾಲವಾದುದರಿಂದ ತುಂಬಿದ ಕೃಷ್ಣೆ, ಭೀಮೆಯರನ್ನು ದಾಟುವುದೇ ದೊಡ್ಡ ತೊಡಕಾಗಿತ್ತು.

ಈ ತೊಡಕನ್ನು ನೀಗಿಸಿದ ರೈಲುಮಾರ್ಗವು ಯಾತ್ರಿಕರಿಗಾಗಿ ಹುಟ್ಟಿದುದಲ್ಲ. 1876–78ರ ಭೀಕರ ಬರಗಾಲದಲ್ಲಿ, ಬಾಗಲಕೋಟೆ, ಬಾದಾಮಿ, ಹುನಗುಂದಗಳನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ತೀವ್ರ ಹಾನಿಗೆ ಒಳಗಾಯಿತು. ಧಾನ್ಯವನ್ನು ಬೇಗನೆ ಸಾಗಿಸುವ ವ್ಯವಸ್ಥೆ ಇಲ್ಲದಿದ್ದುದೂ ಸಂಕಟವನ್ನು ಹೆಚ್ಚಿಸಿತು. ಬರ ಆಯೋಗವು 1880ರಲ್ಲಿ ರೈಲುಮಾರ್ಗಗಳ ವಿಸ್ತರಣೆಗೆ ಒತ್ತು ನೀಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಗೊಂಡಿತು. 1884ರಲ್ಲಿ ಗದಗ–ಹೊಟಗಿ ಮೀಟರ್‌ಗೇಜ್ ಮಾರ್ಗವು ಬಾದಾಮಿ, ಬಾಗಲಕೋಟೆ, ವಿಜಯಪುರಗಳ ಮೂಲಕ ಸಂಚಾರಕ್ಕೆ ತೆರೆಯಿತು. ಹಸಿವಿನ ವಿರುದ್ಧ ಹಾಸಿದ ಹಳಿ ಹೀಗೆ ಭಕ್ತಿಯ ದಾರಿಯೂ ಆಯಿತು. ಕೃಷ್ಣೆ, ಭೀಮೆಯರನ್ನು ಸೇತುವೆಗಳ ಮೇಲೆ ದಾಟುವ ಯಾತ್ರಿಕರು ಪಂಢರಪುರವನ್ನು ಕಾಣುವ ಮೊದಲೇ ಅದರ ನದಿಯನ್ನು ಕಾಣುತ್ತಿದ್ದರು.

ಆದರೂ ಪ್ರಯಾಣ ಅಖಂಡವಾಗಿರಲಿಲ್ಲ. ಹೊಟಗಿಯಿಂದ ಮುಂದೆ ಸೊಲ್ಲಾಪುರ, ಕುರ್ಡುವಾಡಿಗಳತ್ತ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಬ್ರಾಡ್‌ಗೇಜ್ ಮಾರ್ಗವಿತ್ತು. ಕುರ್ಡುವಾಡಿಯಲ್ಲಿ ಇಳಿದವರಿಗೆ ಇನ್ನೂ ಸುಮಾರು 50 ಕಿ.ಮೀ. ದಾರಿ ಉಳಿಯುತ್ತಿತ್ತು. ಎವರಾರ್ಡ್ ಕ್ಯಾಲ್ತ್ರಪ್ ರೂಪಿಸಿದ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋಗೇಜ್ ಮಾರ್ಗವು 1906ರಲ್ಲಿ ಪಂಢರಪುರವನ್ನು ಮುಟ್ಟಿದ ಬಳಿಕವೇ ಈ ಕೊರತೆ ನೀಗಿತು. ಒಂದೇ ಯಾತ್ರೆಗೆ ಮೂರು ಕಂಪನಿಗಳ, ಮೂರು ಅಳತೆಯ ಹಳಿಗಳು! ಗಂಟುಮೂಟೆ, ಮಕ್ಕಳು, ವೃದ್ಧರೊಂದಿಗೆ ಜಾತ್ರೆಯ ಜನಸಂದಣಿಯಲ್ಲಿ ಗಾಡಿ ಬದಲಿಸಬೇಕಾಗುತ್ತಿತ್ತು. ದೂರವನ್ನು ಮೈಲಿಗಳಿಗಿಂತ ಈ ಬದಲಾವಣೆಗಳೇ ನಿರ್ಧರಿಸುತ್ತಿದ್ದವು ಎನ್ನಬಹುದು.

ಈ ಅನುಕೂಲ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ ಎಂಬುದು ಮುಖ್ಯ ಸಂಗತಿ. ಬಾಗಲಕೋಟೆ, ಬಾದಾಮಿಗಳು ಹಳಿಯ ಮೇಲೆ ಬಂದವು; ಹುನಗುಂದ, ಇಳಕಲ್ಲಗಳು ಹೊರಗುಳಿದವು. ನೇಕಾರಿಕೆಗೆ ಹೆಸರಾದ ಇಳಕಲ್ಲದ ಸೀರೆ ಮರಾಠಿ ನಾಡಿನಲ್ಲಿಯೂ ಬಳಕೆಯಲ್ಲಿದೆ. ಆದರೂ ಆ ಊರಿನ ವ್ಯಾಪಾರಿಯಾಗಲಿ ಯಾತ್ರಿಕನಾಗಲಿ ಬಾಗಲಕೋಟೆಯ ನಿಲ್ದಾಣ ತಲುಪಲು 50 ಕಿ.ಮೀ.ಗೂ ಹೆಚ್ಚು ದೂರ ರಸ್ತೆಯಲ್ಲಿಯೇ ಸಾಗಬೇಕಾಯಿತು.

1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ನಾಡುಗಳ ನಡುವೆ ಗೆರೆ ಬಿದ್ದರೂ ಹಳಿ ತುಂಡಾಗಲಿಲ್ಲ. ಕುರ್ಡುವಾಡಿ–ಪಂಢರಪುರ ಹಾಗೂ ಗದಗ–ಹೊಟಗಿ ಮಾರ್ಗಗಳು ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್‌ಗೇಜ್‌ಗೆ ಪರಿವರ್ತನೆಗೊಂಡವು. ಮೈಸೂರು–ಸೊಲ್ಲಾಪುರಗಳ ನಡುವೆ ಓಡುತ್ತಿದ್ದ ಗೋಲಗುಂಬಜ್ ಎಕ್ಸ್‌ಪ್ರೆಸ್ ಮುಂದೆ ಪಂಢರಪುರದವರೆಗೆ ವಿಸ್ತರಣೆಗೊಂಡಾಗ, ಬಾದಾಮಿ, ಬಾಗಲಕೋಟೆಗಳ ಯಾತ್ರಿಕರಿಗೆ ಗಾಡಿ ಬದಲಿಸದೆ ಕ್ಷೇತ್ರ ತಲುಪುವುದು ಸಾಧ್ಯವಾಯಿತು.

2025ರಲ್ಲಿ ತಳಕಲ್ ಕಡೆಯಿಂದ ಕುಷ್ಟಗಿಗೆ ರೈಲು ಬಂದಿತು. ಇಳಕಲ್ಲಕ್ಕೆ ಹಳಿ ಹತ್ತಿರವಾಯಿತು. ಆದರೆ ಆ ಹಳಿ ಹಿಡಿದು ಪಂಢರಪುರಕ್ಕೆ ಹೋಗುವವರು ಮೊದಲು ಗದಗಿನತ್ತ, ಅಂದರೆ ಕ್ಷೇತ್ರಕ್ಕೆ ಬೆನ್ನುಮಾಡಿ, ಸಾಗಬೇಕು. 1884ರಲ್ಲಿ ಎಳೆದ ಗೆರೆಯೊಂದು ಯಾರ ಯಾತ್ರೆ ಸುಗಮ, ಯಾರದು ದುರ್ಗಮ ಎಂಬುದನ್ನು ತೀರ್ಮಾನಿಸಿತು. ಆ ತೀರ್ಮಾನದ ಪರಿಣಾಮ ಒಂದೂವರೆ ಶತಮಾನ ಸಮೀಪಿಸುತ್ತಿದ್ದರೂ ಪೂರ್ತಿಯಾಗಿ ಅಳಿದಿಲ್ಲ.