ಕಡಲನೀರಿನ ಅಕ್ವೇರಿಯಮ್‌ನಲ್ಲಿ ಕ್ಷಾರೀಯತೆಯ ಅಳತೆ

ನೀರು ಎಷ್ಟು ಆಮ್ಲವನ್ನು ತಟಸ್ಥಗೊಳಿಸಬಲ್ಲದು ಎಂಬುದನ್ನು ತಿಳಿಸುವ ಪ್ರಮಾಣ ಕ್ಷಾರೀಯತೆ. ಕಡಲನೀರಿಗೆ ಈ ಶಕ್ತಿ ಬರುವುದು ಬಹುಪಾಲು ಬೈಕಾರ್ಬೊನೇಟ್‌ನಿಂದ. ಉಳಿದದ್ದು ಮುಖ್ಯವಾಗಿ ಕಾರ್ಬೊನೇಟ್ ಮತ್ತು ಬೋರೇಟ್‌ಗಳಿಂದ. ಅಕ್ವೇರಿಯಮ್ ಸಾಕುವವರು ಇದನ್ನು ಡಿಕೆಎಚ್ ಎಂಬ ಏಕಮಾನದಲ್ಲಿ ಹೇಳುತ್ತಾರೆ. 2.8 ಡಿಕೆಎಚ್ ಎಂದರೆ ಲೀಟರಿಗೆ 1 ಮಿಲಿಈಕ್ವಿವಲೆಂಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 50 ಮಿಲಿಗ್ರಾಂ. ತೆರೆದ ಕಡಲಿನಲ್ಲಿ ಇದು ಸುಮಾರು 6.5 ಡಿಕೆಎಚ್, ಹವಳದ ತೊಟ್ಟಿಗಳಲ್ಲಿ ಸಾಮಾನ್ಯವಾಗಿ 7ರಿಂದ 11ರ ನಡುವೆ ಕಾಯ್ದುಕೊಳ್ಳುತ್ತಾರೆ. ಪಿಎಚ್ ಬೇರೆ, ಕ್ಷಾರೀಯತೆ ಬೇರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಪಿಎಚ್ ಇಳಿಯುತ್ತದೆ, ಕ್ಷಾರೀಯತೆ ಹಾಗೇ ಉಳಿಯುತ್ತದೆ.

ಹವಳ ತನ್ನ ಅಸ್ಥಿಯನ್ನು ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಬಳಕೆಯಾದಾಗ 2.8 ಡಿಕೆಎಚ್ ಕ್ಷಾರೀಯತೆಯೂ ಕರಗುತ್ತದೆ. ಕಡಲನೀರಿನಲ್ಲಿ ಕ್ಯಾಲ್ಸಿಯಂ 400 ಮಿಲಿಗ್ರಾಂಗಿಂತ ಹೆಚ್ಚಿರುವುದರಿಂದ ಅದಕ್ಕೆ ಈ ಇಳಿಕೆ ಅಷ್ಟಾಗಿ ತಟ್ಟುವುದಿಲ್ಲ, ಕ್ಷಾರೀಯತೆ ಮಾತ್ರ ಮೂರನೇ ಒಂದು ಭಾಗದಷ್ಟು ಬಿದ್ದುಹೋಗಿರುತ್ತದೆ. ಉಳಿದೆಲ್ಲ ಪರೀಕ್ಷೆಗಳಿಗಿಂತ ಈ ಪರೀಕ್ಷೆಯನ್ನು ಹೆಚ್ಚು ಸಲ ಮಾಡಬೇಕಾದ್ದು ಇದಕ್ಕೇ.

ತುಮಕೂರಿನ ಮರಳೂರು, ಗುಬ್ಬಿ, ಕುಣಿಗಲ್‌ನಂಥ ಒಳನಾಡಿನ ಊರುಗಳಲ್ಲಿ ಅಳತೆಯ ತೊಡಕು ಉಪ್ಪು ಬೆರೆಸುವ ಮೊದಲೇ ಶುರುವಾಗುತ್ತದೆ. ಇಲ್ಲಿ ಕಡಲನೀರನ್ನು ತಯಾರಿಸಿಕೊಳ್ಳಬೇಕು, ಸಿಗುವುದು ಬೋರ್‌ವೆಲ್ ನೀರು. ಈ ಸೀಮೆಯ ನೆಲದಡಿ ಇರುವುದು ನೈಸ್ ಮತ್ತು ಗ್ರಾನೈಟ್ ಬಂಡೆ. ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಬಂಡೆಯ ಖನಿಜಗಳನ್ನು ಕರಗಿಸುತ್ತ ಇಳಿದಾಗ ಬೈಕಾರ್ಬೊನೇಟ್ ಸೇರುತ್ತದೆ. ಸೋಲಾರ್ ಹೀಟರ್‌ನಲ್ಲಿ ಕಟ್ಟುವ ಬಿಳಿ ಪದರ ಇದರ ಗುರುತು. ಭಾರತೀಯ ಮಾನಕ ಐಎಸ್ 10500 (2012) ಕುಡಿಯುವ ನೀರಿಗೆ ಕ್ಷಾರೀಯತೆಯನ್ನು ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಬೇರೆ ನೀರಿಲ್ಲದಿದ್ದರೆ 600ರವರೆಗೂ ಬಿಡುತ್ತದೆ. 200 ಎಂದರೆ 11 ಡಿಕೆಎಚ್‌ಗೂ ಮೇಲೆ. ಕುಡಿಯಲು ಯೋಗ್ಯವಾದ ನೀರೇ ಉಪ್ಪು ಹಾಕುವ ಮುಂಚೆ ಕಡಲನ್ನು ಮೀರಿಸಿರಬಹುದು! ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರೂ ಬರುತ್ತದೆ. ನದಿಯ ನೀರು, ಬೋರಿನ ನೀರು ಒಂದೇ ಸಂಪಿಗೆ ಬೀಳುವ ಮನೆಗಳಲ್ಲಿ ಮೂಲನೀರಿನ ಕ್ಷಾರೀಯತೆ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಆರ್‌ಓ ಮಾಡಿ, ಆಮೇಲೆ ರೆಸಿನ್‌ನಲ್ಲಿ ಹಾಯಿಸಿ, ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸುವ ನೀರಿನಲ್ಲೇ ಉಪ್ಪು ಕರಗಿಸಬೇಕು.

ಮನೆಯಲ್ಲಿ ಬಳಸುವ ಬಹುತೇಕ ಕಿಟ್‌ಗಳ ವಿಧಾನ ಟೈಟ್ರೇಷನ್. ಅಳೆದ ನೀರಿಗೆ ಸೂಚಕ ಬೆರೆಸಿ, ಬಣ್ಣ ತಿರುಗುವವರೆಗೆ ಆಮ್ಲ ಹಾಕುತ್ತಾರೆ, ಪಿಎಚ್ 4.2ರ ಸುಮಾರಿಗೆ ಅಂತ್ಯಬಿಂದು. ಸೂಚಕಗಳಲ್ಲೊಂದಾದ ಬ್ರೊಮೊಕ್ರೆಸಾಲ್ ಗ್ರೀನ್ ಪಿಎಚ್ 5.4ರ ಮೇಲೆ ನೀಲಿ, 3.8ರ ಕೆಳಗೆ ಹಳದಿ. ಹವಳದ ತೊಟ್ಟಿಯ ನೀಲಿ ಎಲ್‌ಇಡಿ ಬೆಳಕಿನಲ್ಲಿ ನಿಂತು ಇಂಥ ಬಣ್ಣವನ್ನು ನಿರ್ಣಯಿಸಲಾಗದು. ಕಿಟಕಿಯ ಹಗಲು ಬೆಳಕಿನಲ್ಲಿ, ಹಿಂದೆ ಬಿಳಿ ಕಾಗದ ಹಿಡಿದು ನೋಡಬೇಕು. ಕೊನೆಗೆ ಬಂದಾಗ ಪ್ರತಿ ಹನಿಯ ನಂತರವೂ ಚೆನ್ನಾಗಿ ಕಲಕಬೇಕು, ಬಣ್ಣ ನಿಂತಿತೋ ಇಲ್ಲವೋ ನೋಡಬೇಕು.

ಉಳಿದ ತಪ್ಪುಗಳು ಹೆಚ್ಚಾಗಿ ಗಾತ್ರದವು. 5 ಮಿಲಿ ಮಾದರಿಯಲ್ಲಿ ಕಾಲು ಮಿಲಿ ಕಡಿಮೆಯಾದರೆ ಫಲಿತಾಂಶ ಶೇಕಡಾ 5ರಷ್ಟು ಇಳಿಯುತ್ತದೆ. ಆಮ್ಲದ ಸಿರಿಂಜಿನಿಂದ ಗಾಳಿಗುಳ್ಳೆ ಹೊರಬಿದ್ದರೆ ಅದೂ ಆಮ್ಲವೆಂದೇ ಲೆಕ್ಕವಾಗಿ ಅಂಕಿ ಏರುತ್ತದೆ. ಹನಿ ಎಣಿಸುವ ಕಿಟ್‌ನ ಬಾಟಲಿಯನ್ನು ನೇರ ತಲೆಕೆಳಗಾಗಿ ಹಿಡಿಯಬೇಕು. ಓರೆಯಾದರೆ ಹನಿಯ ಗಾತ್ರವೇ ಬೇರೆ. ಮುಚ್ಚಳ ಸಡಿಲವಾದ ಬಾಟಲಿಯಿಂದ ಬೇಸಿಗೆಯಲ್ಲಿ ನೀರು ಆವಿಯಾಗಿ ಆಮ್ಲ ಗಟ್ಟಿಯಾಗುತ್ತದೆ, ಆಗ ಅಂಕಿ ನಿಜಕ್ಕಿಂತ ಕೆಳಗೆ ಬರುತ್ತದೆ. ತೊಟ್ಟಿಯಲ್ಲಿ ತೇಲುವ ಸುಣ್ಣದ ಕಣಗಳು ಮಾದರಿಗೆ ಸೇರಿದರೆ ಆಮ್ಲದಲ್ಲಿ ಕರಗಿ ಅಂಕಿಯನ್ನು ಏರಿಸುತ್ತವೆ. ಕ್ಷಾರೀಯತೆ ಏರಿಸುವ ಬಫರ್ ಪುಡಿಯನ್ನು ಹಾಕಿದ ಕೂಡಲೇ ಪರೀಕ್ಷಿಸುವುದೂ ವ್ಯರ್ಥ. ದಿನದ ಒಂದೇ ಹೊತ್ತಿನಲ್ಲಿ, ಬಫರ್ ಹಾಕುವ ಮೊದಲು ಮಾದರಿ ತೆಗೆಯಬೇಕು.

ಸಂಶೋಧಕರು ಬಣ್ಣವನ್ನು ನೆಚ್ಚುವುದಿಲ್ಲ. ಗುನ್ನಾರ್ ಗ್ರಾನ್ 1952ರಲ್ಲಿ ಪ್ರಕಟಿಸಿದ ಲೆಕ್ಕಾಚಾರವನ್ನು ಆಧರಿಸಿ ಎಲೆಕ್ಟ್ರೋಡ್‌ನಿಂದ ಅಂತ್ಯಬಿಂದು ಕಂಡುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಆಂಡ್ರ್ಯೂ ಡಿಕ್ಸನ್ ರೂಪಿಸಿದ ಪ್ರಮಾಣಿತ ಕಡಲನೀರಿನೊಂದಿಗೆ ತಮ್ಮ ಉಪಕರಣವನ್ನು ತಾಳೆ ನೋಡುತ್ತಾರೆ. ಇದರಲ್ಲಿ ಹವ್ಯಾಸಿಗೆ ದಕ್ಕುವ ಭಾಗ ಎರಡನೆಯದು: ಕ್ಷಾರೀಯತೆ ಮೊದಲೇ ಗೊತ್ತಿರುವ ದ್ರಾವಣವನ್ನು ಪರೀಕ್ಷಿಸಿ ಕಿಟ್ಟನ್ನೇ ಪರೀಕ್ಷೆಗೊಡ್ಡುವುದು. ಅದಕ್ಕೆ ಅಡಿಗೆ ಸೋಡಾ ಸಾಕು. ಆಮ್ಲ ಬೆರೆತಿರುವ ಬೇಕಿಂಗ್ ಪೌಡರ್ ಆಗದು. 3 ಗ್ರಾಂ ಸೋಡಾವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ 1 ಲೀಟರ್ ಮಾಡಿ, ಅದರಲ್ಲಿ 100 ಮಿಲಿ ತೆಗೆದು ಮತ್ತೆ 1 ಲೀಟರಿಗೆ ತುಂಬಿಸಿದರೆ ಸಿಗುವ ದ್ರಾವಣ 10 ಡಿಕೆಎಚ್. ಕಿಟ್ ಸತತವಾಗಿ 9 ತೋರಿಸಿದರೆ ತೊಟ್ಟಿಯ ಅಂಕಿಯನ್ನು 10/9ರಿಂದ ಗುಣಿಸಿಕೊಳ್ಳಬಹುದು. ಒಂದು ಸಲ 9, ಮತ್ತೊಂದು ಸಲ 11 ಬಂದರೆ ದೋಷ ಅಳೆಯುವ ಕೈಯದು, ಗುಣಾಕಾರದಿಂದ ಸರಿಹೋಗದು. ಹೊಸ ಕಿಟ್ ತೆರೆದಾಗಲೆಲ್ಲ ಈ ಪರೀಕ್ಷೆ ಮಾಡಿ. ಅನಿರೀಕ್ಷಿತ ಅಂಕಿ ಬಂದ ದಿನ ಬಫರ್ ಡಬ್ಬಿಗೆ ಕೈಹಾಕುವ ಮೊದಲು ಮತ್ತೊಮ್ಮೆ ಅಳೆದು ನೋಡಿ.